ಬಾಗಿಲಿಗೆ ಬರುವವರು ಯಾರು?

ಮುಪ್ಪಿನಲ್ಲಿ ಸ್ವಂತ ಮನೆಯಲ್ಲೇ ಇರಬೇಕೆಂಬ ಆಸೆ ಎಲ್ಲ ದೇಶದವರದೂ. ಅದಕ್ಕೆ ಬೇಕಾದ ನೆರವಿಗೆ ಸರ್ಕಾರ ಹಣ ಕೊಡುವಾಗ, ಅದು ಹೇಗೆ ಖರ್ಚಾಗಬೇಕೆಂದು ಹೇಳುವ ಹಕ್ಕು ಯಾರದು? ವೃದ್ಧರದೇ ಎಂದು ಆಸ್ಟ್ರೇಲಿಯ ಉತ್ತರಿಸಿತು. 2015ರ ಜುಲೈನಿಂದ, ಈ ನೆರವಿಗೆಂದು ಅಲ್ಲಿನ ಸರ್ಕಾರ ಕೊಡುತ್ತಿದ್ದ ಹೋಮ್ ಕೇರ್ ಪ್ಯಾಕೇಜ್‌ಗಳೆಲ್ಲ ಗ್ರಾಹಕ ನಿರ್ದೇಶಿತ ಆರೈಕೆಯ ಪದ್ಧತಿಗೆ ಬಂದವು. ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ಬಜೆಟ್, ತಿಂಗಳಿಗೊಂದು ಲೆಕ್ಕಪಟ್ಟಿ. 2017ರ ಫೆಬ್ರವರಿಯ ನಂತರ ಪ್ಯಾಕೇಜು ಸೇವೆ ಒದಗಿಸುವ ಸಂಸ್ಥೆಗೆ ಬದಲು ವ್ಯಕ್ತಿಗೇ ಸೇರಿತು. ಸಂಸ್ಥೆ ಹಿಡಿಸದಿದ್ದರೆ ಹಣದ ಸಮೇತ ಇನ್ನೊಂದಕ್ಕೆ ಹೋಗಬಹುದಾಯಿತು.

ಈ ತತ್ವ ಸರಿಯಾದದ್ದೆಂದೇ ನನ್ನ ನಂಬಿಕೆ. ಐವತ್ತು ವರ್ಷ ಮನೆ ನಡೆಸಿದ ಹೆಂಗಸಿಗೆ ಸ್ನಾನದ ವಾರವನ್ನು ಮತ್ತೊಬ್ಬರು ಗೊತ್ತುಮಾಡುವುದು ಅವಮಾನ. ಮನೆ ಗುಡಿಸುವುದಕ್ಕಿಂತ ತೋಟದಲ್ಲಿ ಒಂದು ಗಂಟೆ ಜೊತೆಗಿರುವವರು ಬೇಕು ಎಂದು ಆಕೆ ಹೇಳಿದರೆ ಅದು ನಡೆಯಬೇಕು. ಆದರೆ ಹಕ್ಕು ಕೊಟ್ಟವರು ಅದನ್ನು ಚಲಾಯಿಸುವವರ ಸ್ಥಿತಿಯನ್ನು ಎಷ್ಟು ಯೋಚಿಸಿದ್ದರು ಎಂಬಲ್ಲಿ ನನ್ನ ತಕರಾರಿದೆ.

ಈ ವಿಚಾರ ಹುಟ್ಟಿದ್ದು ವೃದ್ಧರಿಗಾಗಿ ಅಲ್ಲ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಎಡ್ ರಾಬರ್ಟ್ಸ್ ಮತ್ತು ಸಂಗಾತಿಗಳು ಕಟ್ಟಿದ ಸ್ವತಂತ್ರ ಬದುಕಿನ ಚಳವಳಿ ಅಂಗವಿಕಲ ಯುವಜನರದ್ದು. ನಮ್ಮ ಸಹಾಯಕರನ್ನು ನಾವೇ ನೇಮಿಸಿಕೊಳ್ಳುತ್ತೇವೆ ಎಂಬುದು ಅವರ ಒತ್ತಾಯವಾಗಿತ್ತು. ಇಂಗ್ಲೆಂಡಿನಲ್ಲಿ ಆರೈಕೆಯ ಹಣವನ್ನು ನೇರವಾಗಿ ಕೈಗೆ ಕೊಡುವ 1996ರ ಕಾಯ್ದೆಯೂ ಮೊದಲು 65 ದಾಟಿದವರನ್ನು ಹೊರಗಿಟ್ಟಿತ್ತು. ಅವರಿಗೆ ಅವಕಾಶ ಸಿಕ್ಕಿದ್ದು 2000ದಲ್ಲಿ. ಇಪ್ಪತ್ತೈದರ ಯುವಕನಿಗೆ ತನ್ನ ದೇಹದ ಮಿತಿ ಗೊತ್ತು, ಯೋಜನೆ ಹಾಕಲು ಮುಂದೆ ದಶಕಗಳಿವೆ. ಎಂಬತ್ತನಾಲ್ಕರ ಅಜ್ಜಿ ಈ ವ್ಯವಸ್ಥೆಯ ಬಾಗಿಲಿಗೆ ಬರುವುದು ಬಿದ್ದು ಸೊಂಟ ಮುರಿದ ಮೇಲೆ, ಅಥವಾ ಜೊತೆಗಿದ್ದ ಗಂಡ ತೀರಿಕೊಂಡ ಮೇಲೆ. ಆಗಲೇ ಆಕೆಯ ಮುಂದೆ ಒಪ್ಪಂದದ ಪುಟಗಳು, ದರಪಟ್ಟಿಗಳು, ಹತ್ತಾರು ಸಂಸ್ಥೆಗಳ ಹೆಸರುಗಳು ಬಂದು ಬೀಳುತ್ತವೆ.

ಇಂಗ್ಲೆಂಡು 13 ಸ್ಥಳೀಯ ಆಡಳಿತಗಳಲ್ಲಿ ವೈಯಕ್ತಿಕ ಬಜೆಟ್ಟಿನ ಪ್ರಯೋಗ ನಡೆಸಿ 2008ರಲ್ಲಿ ಮೌಲ್ಯಮಾಪನ ಪ್ರಕಟಿಸಿತು. ಕಿರಿಯ ಅಂಗವಿಕಲರಿಗೆ ಲಾಭ ಕಂಡಿತು. ವೃದ್ಧರ ಮಾನಸಿಕ ನೆಮ್ಮದಿ ಮಾತ್ರ ಹಳೆಯ ಪದ್ಧತಿಯಲ್ಲಿದ್ದವರಿಗಿಂತ ಕಡಿಮೆಯಿತ್ತು. ಯೋಜಿಸಿ ನಿರ್ವಹಿಸುವ ಹೊಣೆ ಹಲವರಿಗೆ ಹೊರೆಯಾಗಿತ್ತು. ವಯಸ್ಸಾದವರಿಗೆ ಆಯ್ಕೆ ಬೇಡ ಎಂದು ಇದರಿಂದ ತೀರ್ಮಾನಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಮೆರಿಕದ ಆರ್ಕನ್ಸಾದಲ್ಲಿ 1998ರ ಕೊನೆಗೆ ಶುರುವಾದ ಇದೇ ಬಗೆಯ ಪ್ರಯೋಗದಲ್ಲಿ ವೃದ್ಧರು ಹೆಚ್ಚು ತೃಪ್ತರಾಗಿದ್ದರು, ಪೂರೈಸದೆ ಉಳಿದ ಅಗತ್ಯಗಳು ಇಳಿದಿದ್ದವು. ಸೇರಿದವರು ತಾವಾಗಿ ಮುಂದೆ ಬಂದವರು ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಆದರೂ ಮೂರು ವಿಷಯ ಗಮನಾರ್ಹ. ಅಲ್ಲಿ ಮಗಳನ್ನೋ ನೆಂಟರನ್ನೋ ಸಂಬಳಕ್ಕೆ ನೇಮಿಸಿಕೊಳ್ಳಬಹುದಿತ್ತು. ಕೂತು ಮಾತಾಡಿ ಯೋಜನೆ ಮಾಡಿಸುವ ಸಲಹೆಗಾರರಿದ್ದರು. ಸಂಬಳ, ತೆರಿಗೆಗಳ ಲೆಕ್ಕ ಬರೆಯಲು ಬೇರೆಯವರಿದ್ದರು.

ಅಂದರೆ ಆರ್ಕನ್ಸಾದ ಅಜ್ಜಿಗೆ ಸಿಕ್ಕಿದ್ದು ಮನುಷ್ಯರನ್ನು ಆರಿಸುವ ಅಧಿಕಾರ. ಆಸ್ಟ್ರೇಲಿಯದಲ್ಲಿ ಬಹುಪಾಲು ಮಂದಿಗೆ ಸಿಕ್ಕಿದ್ದು ಕಂಪನಿಯನ್ನು ಆರಿಸುವ ಅಧಿಕಾರ. ಆರಿಸಿದ ಮೇಲೆ ಸೋಮವಾರ ಒಬ್ಬರು, ಗುರುವಾರ ಇನ್ನೊಬ್ಬರು. ಟವೆಲ್ ಎಲ್ಲಿದೆ, ಯಾವ ಮಂಡಿ ನೋಯುತ್ತದೆ ಎಂದು ಪ್ರತಿಸಲವೂ ಮೊದಲಿನಿಂದ ಹೇಳಬೇಕು. ಬೆತ್ತಲೆ ಮೈಯನ್ನು ವಾರವಾರವೂ ಹೊಸ ಅಪರಿಚಿತರ ಮುಂದೆ ಒಡ್ಡುವ ಸಂಕೋಚವನ್ನು ಯಾವ ಲೆಕ್ಕಪಟ್ಟಿಯೂ ತೋರಿಸದು. ತಮ್ಮ ಕೆಲಸದವರನ್ನು ತಾವೇ ಗೊತ್ತುಮಾಡಿಕೊಂಡು ಪ್ಯಾಕೇಜನ್ನು ಸ್ವತಃ ನಿರ್ವಹಿಸುವವರೂ ಅಲ್ಲಿದ್ದಾರೆ. ಅಂಥವರಿಗೆ ಅದೇ ಹಣದಲ್ಲಿ ಹೆಚ್ಚು ಗಂಟೆಗಳೂ ಪರಿಚಿತ ಮುಖವೂ ಸಿಗಬಲ್ಲವು. ಅದಕ್ಕೆ ಫೋನು, ಇಂಟರ್ನೆಟ್ ಬಳಸಲು ಬರಬೇಕು, ಇಲ್ಲವೇ ಬಲ್ಲ ಮಕ್ಕಳು ಹತ್ತಿರವಿರಬೇಕು. ಮೆಲ್ಬರ್ನ್, ಸಿಡ್ನಿಗಳಲ್ಲಿ ನೆಲೆಸಿರುವ ನಮ್ಮ ಕನ್ನಡದ ಹಿರಿಯರಿಗೆ ಈ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ಮರೆವಿನ ಕಾಯಿಲೆ ಬಂದಾಗ ಅನೇಕರಲ್ಲಿ ತಡವಾಗಿ ಕಲಿತ ಭಾಷೆ ಮೊದಲು ಜಾರುತ್ತದೆ. ಆಗ ಕನ್ನಡ ಬಲ್ಲ ಒಬ್ಬ ಸಹಾಯಕಿ ನೂರು ಸಂಸ್ಥೆಗಳ ಪಟ್ಟಿಗಿಂತ ದೊಡ್ಡ ಆಯ್ಕೆ.

ಮಾರುಕಟ್ಟೆಯ ಭಾಷೆಯಲ್ಲಿ ಸಂಸ್ಥೆ ಬದಲಿಸುವುದು ಗ್ರಾಹಕನ ಅಸ್ತ್ರ. ವಾಸ್ತವದಲ್ಲಿ ಬಿಟ್ಟುಹೋಗುವವರಿಂದ ನಿರ್ಗಮನ ಶುಲ್ಕ ವಸೂಲಿ ಮಾಡುವ ಸಂಸ್ಥೆಗಳಿದ್ದವು. ಅದು ನಿಂತದ್ದು 2023ರ ಜನವರಿಯಲ್ಲಿ. ಆಗಲೇ ಆರೈಕೆ ನಿರ್ವಹಣೆಗೆ ಶೇ. 20, ಪ್ಯಾಕೇಜ್ ನಿರ್ವಹಣೆಗೆ ಶೇ. 15 ಎಂಬ ಮಿತಿ ಬಂತು. ಮಿತಿ ಬಂದ ಮೇಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಣ ನಿರ್ವಹಣೆಗೇ ಹೋಗಬಹುದಿತ್ತು. ಇನ್ನು ಸರದಿಯ ಕಥೆ ಘೋರ. 2017-18ರಲ್ಲಿ ಪ್ಯಾಕೇಜಿಗಾಗಿ ಕಾಯುತ್ತಲೇ 16,000ಕ್ಕೂ ಹೆಚ್ಚು ಜನ ಸತ್ತರೆಂದು ವೃದ್ಧರ ಆರೈಕೆ ಕುರಿತ ಅಲ್ಲಿನ ಸರ್ಕಾರಿ ತನಿಖಾ ಆಯೋಗವಾದ ರಾಯಲ್ ಕಮಿಷನ್ ತನ್ನ 2019ರ ಮಧ್ಯಂತರ ವರದಿಯಲ್ಲಿ ದಾಖಲಿಸಿತು. ಆ ವರದಿಗೆ ಅದು ಕೊಟ್ಟ ಹೆಸರೇ ‘ನಿರ್ಲಕ್ಷ್ಯ’.

ಒಂದು ಕಡೆ ಇಂಥ ಸರದಿ, ಇನ್ನೊಂದು ಕಡೆ ಪ್ಯಾಕೇಜು ಸಿಕ್ಕವರ ಖಾತೆಗಳಲ್ಲಿ ಖರ್ಚಾಗದ ಹಣ. ಅದನ್ನು ಅಗತ್ಯವಿಲ್ಲದ ಹಣವೆಂದು ಓದಿದವರು ವೃದ್ಧರನ್ನು ಅರಿಯಲಿಲ್ಲ. ಕೆಲಸದವರು ಸಿಗದೆ ಉಳಿದದ್ದು ಸ್ವಲ್ಪ. ನಾಳೆ ಹಾಸಿಗೆ ಹಿಡಿದರೆ ಏನು ಗತಿ ಎಂದು ಆಪತ್ತಿಗೆ ಎತ್ತಿಟ್ಟದ್ದೂ ಇದೆ. 2025ರ ನವೆಂಬರ್ 1ರಿಂದ ಈ ಪ್ಯಾಕೇಜುಗಳ ಬದಲಿಗೆ ಜಾರಿಗೆ ಬಂದ ಸಪೋರ್ಟ್ ಅಟ್ ಹೋಮ್ ಯೋಜನೆಯಲ್ಲಿ ಬಜೆಟ್ಟು ಮೂರು ತಿಂಗಳಿಗೊಮ್ಮೆ. ಉಳಿಕೆಯಲ್ಲಿ 1,000 ಡಾಲರ್ ಅಥವಾ ಬಜೆಟ್ಟಿನ ಶೇ. 10, ಯಾವುದು ಹೆಚ್ಚೋ ಅಷ್ಟು ಮಾತ್ರ ಮುಂದಕ್ಕೆ ಸಾಗುತ್ತದೆ. ಸರದಿಯಲ್ಲಿರುವವರನ್ನು ನೆನೆದರೆ ನಿಯಮ ಅರ್ಥವಾಗುತ್ತದೆ. ಆದರೆ ಕಷ್ಟ ಬಂದಾಗ ನೆರವು ಬೇಗ ಹೆಚ್ಚುತ್ತದೆಂಬ ಖಾತ್ರಿ ಕೊಡದೆ ಉಳಿತಾಯವನ್ನು ಮಾತ್ರ ಕಿತ್ತುಕೊಂಡರೆ ಭಯ ಹೋಗದು. ಇದೇ ಯೋಜನೆಯಲ್ಲಿ ಬಜೆಟ್ಟಿನ ಶೇ. 10ನ್ನು ಆರೈಕೆ ನಿರ್ವಹಣೆಗೆಂದು ತೆಗೆದಿಡುತ್ತಾರೆ. ಆ ಹಣಕ್ಕೆ ಪ್ರತಿಯೊಬ್ಬ ವೃದ್ಧರೂ ಕೇಳಬೇಕಾದದ್ದು ಎರಡು: ತಮ್ಮ ಕಥೆ ಬಲ್ಲ, ಫೋನ್ ಎತ್ತುವ ಒಬ್ಬರೇ ಆರೈಕೆ ನಿರ್ವಾಹಕರು, ಮತ್ತು ಸ್ನಾನ ಮಾಡಿಸಲು ಬರುವವರು ಇಂಥವರೇ ಇರಲಿ ಎಂದರೆ ಅದು ನಡೆಯುವ ಏರ್ಪಾಡು.