ಗುತ್ತಿಗೆ ಲೆಕ್ಕದಲ್ಲಿ ಮೇವೂ ಇರಲಿ

ಹಾಲು ಉತ್ಪಾದಕ ಅಕ್ಕ-ತಂಗಿಯರೇ,

ಸೋಲಾರ್‌ಗೆ ಜಮೀನು ಗುತ್ತಿಗೆ ಕೊಡುವ ಮಾತು ಬಯಲುಸೀಮೆಯ ಹಲವು ಊರುಗಳಲ್ಲಿ ನಡೆಯುತ್ತಿದೆ. ಮಾತಾಡುವವರು ಹೆಚ್ಚಾಗಿ ಗಂಡಸರು. ಹಸುವಿಗೆ ಮೇವು ಹಾಕುವ ನಾವೂ ಆ ಮಾತಿನಲ್ಲಿ ಇರಬೇಕು ಎಂಬುದು ನನ್ನ ಅಭಿಪ್ರಾಯ.

ತುಮಕೂರು ಜಿಲ್ಲೆಯ ಪಾವಗಡವನ್ನೇ ನೋಡಿ. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂ., ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಳ. ಮಳೆ ಕೈಕೊಟ್ಟು ಶೇಂಗಾ ಒಣಗುತ್ತಿದ್ದ ಊರಿಗೆ ಇದು ಸಣ್ಣ ದುಡ್ಡಲ್ಲ. ಆದರೆ ಅದು ಪಹಣಿ ಇದ್ದವರಿಗೆ ಮಾತ್ರ. ಬದುವಿನ ಹುಲ್ಲು ಕೊಯ್ದು, ಬೀಳು ಹೊಲದಲ್ಲಿ ದನ-ಕುರಿ ಮೇಯಿಸುತ್ತಿದ್ದ ಜಮೀನಿಲ್ಲದವರಿಗೆ ಸಿಕ್ಕಿದ್ದು ಬೇಲಿ.

ಈ ಬೇಡಿಕೆ ನಮ್ಮೂರಲ್ಲೇ ಹುಟ್ಟಿದ್ದಲ್ಲ. ಜಗತ್ತಿನ ಸೋಲಾರ್ ಫಲಕಗಳ ತಯಾರಿಕೆಯಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಚೀನಾದ್ದು. ಅಲ್ಲಿ ಫಲಕ ಅಗ್ಗವಾದಂತೆ ಇಲ್ಲಿನ ಬಯಲು ಭೂಮಿಗೆ ಬೇಡಿಕೆ ಬಂತು. ವಿದೇಶಕ್ಕೆ ಬಟ್ಟೆ, ಬಿಡಿಭಾಗ ಕಳಿಸುವ ಕಾರ್ಖಾನೆಗಳಿಗೂ ಅಲ್ಲಿನ ಖರೀದಿದಾರರು ಕಲ್ಲಿದ್ದಲಿನ ಕರೆಂಟು ಕಡಿಮೆ ಮಾಡಿ ಎನ್ನುತ್ತಿದ್ದಾರೆ. ಎಲ್ಲೋ ನಡೆಯುವ ವ್ಯಾಪಾರ ನಮ್ಮ ಹುಲ್ಲುಗಾವಲಿಗೆ ಬಂದು ಮುಟ್ಟುವುದು ಹೀಗೆ.

ಈಗ ನಮ್ಮ ಲೆಕ್ಕ. ಮಿಶ್ರತಳಿ ಹಸುವೊಂದಕ್ಕೆ ದಿನಕ್ಕೆ 25 ಕೆಜಿ ಹಸಿಮೇವು ಎಂದರೆ ವರ್ಷಕ್ಕೆ 9 ಟನ್ ದಾಟುತ್ತದೆ. ಕೊಂಡು ಹಾಕುವುದಾದರೆ, ಕೆಜಿಗೆ 3 ರೂ. ಹಿಡಿದರೂ 27,000 ರೂ. ಮೀರುತ್ತದೆ. ಒಣಮೇವು, ಹಿಂಡಿ, ಬೂಸಾ ಬೇರೆ. ಗುತ್ತಿಗೆ ಹಣ ಪಹಣಿ ಇದ್ದವರ ಖಾತೆಗೆ ಹೋಗುತ್ತದೆ. ಮೇವಿನ ಖರ್ಚು ನಮ್ಮ ಹಾಲಿನ ಬಟವಾಡೆಯಿಂದ ಹೋಗುತ್ತದೆ.

ಸೋಲಾರ್ ಬೇಡ ಎನ್ನುತ್ತಿಲ್ಲ. ಹಾಲು ತಂಪು ಮಾಡುವ ಬಿಎಂಸಿಗೂ ಕರೆಂಟೇ ಬೇಕು. ಆದರೆ ಸಹಿ ಹಾಕುವ ಮುಂಚೆ ಮೂರು ಕೆಲಸ ಆಗಲಿ. ಮೊದಲು, ಮನೆಯಲ್ಲಿ ಕೂತು ಮೇವಿನ ಲೆಕ್ಕ ಬರೆಯಿರಿ. ನೀರಿರುವ ತುಂಡು ಜಮೀನನ್ನು ಮೇವಿಗೆ ಉಳಿಸಿಕೊಳ್ಳಿ. ಎರಡನೆಯದು, ಫಲಕಗಳ ನಡುವಿನ ಹುಲ್ಲು ಕೊಯ್ಯುವ ಹಕ್ಕು ಊರಿನವರಿಗೆ, ಅದರಲ್ಲೂ ಜಮೀನಿಲ್ಲದವರಿಗೆ, ಎಂದು ಕರಾರಿನಲ್ಲಿ ಬರೆಸಿ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಫಲಕಗಳ ಕೆಳಗೆ ಕುರಿ ಮೇಯಿಸುತ್ತಾರೆ, ಆಗದ ಕೆಲಸವೇನಲ್ಲ. ಮೂರನೆಯದು, ಗೋಮಾಳದ ಮಾತು ಬಂದರೆ ಗ್ರಾಮಸಭೆಗೆ ನಾವೇ ಹೋಗಿ ಕೇಳೋಣ.

ಮುಂದಿನ ಸಂಘದ ಸಭೆಯಲ್ಲಿ ಈ ವಿಷಯ ಎತ್ತಿ. ಕರಾರು ಇಪ್ಪತ್ತೈದು ವರ್ಷದ ಮಾತು. ಹಸುವಿಗೆ ನಾಳೆ ಬೆಳಿಗ್ಗೆಯೇ ಮೇವು ಬೇಕು.