ಪರದೇಶದಲ್ಲಿ ಹುಟ್ಟಿದ ನಮ್ಮ ಮಕ್ಕಳು

ಕಳೆದ ವಾರ ಕರಾವಳಿಯ ಗೃಹಸ್ಥರೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಕೊಲ್ಲಿಯ ದೇಶವೊಂದರಲ್ಲಿ ಅಂಗಡಿಯ ಸಾಮಾನು ಸಾಗಿಸುವ ವಾಹನವನ್ನು ನಡೆಯಿಸಿ ಸಂಸಾರವನ್ನು ಪೋಷಿಸುತ್ತಿರುವವರು. ಅಲ್ಲಿಯೇ ಅವರಿಗೊಂದು ಗಂಡುಮಗುವಾಯಿತು. ಆ ದೇಶದ ಸರಕಾರದವರು ಜನನಪತ್ರವನ್ನು ಕೊಟ್ಟರು. ಅದನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟು, ಆಗಬೇಕಾದ ಕಾಗದಪತ್ರವೆಲ್ಲ ಆಯಿತೆಂದು ಅವರು ನಂಬಿದರು. ಇನ್ನೂ ಒಂದು ಕೆಲಸ ಉಳಿದಿದೆಯೆಂದು ಅವರಿಗೆ ಹೇಳಿದವರಿಲ್ಲ. ಮಗುವಿಗೆ ಹದಿನಾಲ್ಕು ತಿಂಗಳಾದಾಗ ಊರಿಗೆ ಕರೆತರುವ ಮನಸ್ಸಾಗಿ, ಪಾಸುಪೋರ್ಟಿಗಾಗಿ ಭಾರತದ ದೂತಾವಾಸಕ್ಕೆ ಹೋದರೆ, ವರುಷದೊಳಗೆ ಜನನವನ್ನು ಇಲ್ಲಿ ನೋಂದಾಯಿಸದ ಕಾರಣ ದೆಹಲಿಯಿಂದ ಅಪ್ಪಣೆ ಬರಬೇಕೆಂಬ ಉತ್ತರ ದೊರೆಯಿತು. ಆ ಅಪ್ಪಣೆ ಇನ್ನೂ ಬಂದಿಲ್ಲ. ಮಗುವಿಗೆ ಈಗ ಎರಡು ತುಂಬಿದೆ. ಅಜ್ಜಿ ಮೊಮ್ಮಗನಿಗೆಂದು ಮಾಡಿಸಿಟ್ಟ ಬೆಳ್ಳಿಯ ಉಡಿದಾರ ಇನ್ನು ಅವನ ಸೊಂಟಕ್ಕೆ ಸಾಲದೆಂದು ಹೇಳಿ ಅವರು ನಕ್ಕರು. ನಮಗೆ ನಗು ಬರಲಿಲ್ಲ.

ಇದು ಒಬ್ಬರ ಗೋಳು ಮಾತ್ರವಾಗಿದ್ದರೆ ಈ ಅಂಕಣದಲ್ಲಿ ಬರೆಯುತ್ತಿರಲಿಲ್ಲ. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳಗಳಲ್ಲಿ ಕೊಲ್ಲಿಗೆ ದುಡಿಯಹೋದವರು ಒಬ್ಬರೂ ಇಲ್ಲದ ಕೇರಿಯನ್ನು ಹುಡುಕಿ ತೆಗೆಯಬೇಕು. ಆ ದೇಶಗಳಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿಯ ಪ್ರಜೆಯಾಗುವ ಪದ್ಧತಿಯಿಲ್ಲ. ಕುವೈತಿನಲ್ಲಾಗಲಿ, ಕತಾರಿನಲ್ಲಾಗಲಿ, ದುಬೈಯಲ್ಲಾಗಲಿ, ಸೌದಿ ಅರೇಬಿಯದಲ್ಲಾಗಲಿ, ನಮ್ಮವರ ಮಗು ಇಪ್ಪತ್ತು ವರುಷ ಬೆಳೆದರೂ ಅಲ್ಲಿಯವರ ಪಾಲಿಗೆ ಪರದೇಶಿಯೇ. ಅದಕ್ಕೆ ನಮ್ಮ ತಕರಾರಿಲ್ಲ. ಅವರ ಮನೆಯ ಕಟ್ಟಳೆ ಅವರಿಗೆ ಸೇರಿದ್ದು. ನಮ್ಮ ತಕರಾರು ನಮ್ಮ ಮನೆಯ ಕಟ್ಟಳೆಯ ವಿಷಯದಲ್ಲಿ.

ನಮ್ಮ ಪೌರತ್ವದ ಕಾಯಿದೆ 1955ರದು. ಅದರ ನಾಲ್ಕನೆಯ ಕಲಮು ಪರದೇಶದಲ್ಲಿ ಹುಟ್ಟಿದವರ ವಿಷಯವನ್ನು ಹೇಳುತ್ತದೆ. ಮೊದಲು ಅದು ಸರಳವಾಗಿತ್ತು: ತಂದೆ ಭಾರತದ ಪ್ರಜೆಯಾಗಿದ್ದರೆ ಮಗುವೂ ಭಾರತದ ಪ್ರಜೆ. ತಾಯಿಯ ಪೌರತ್ವವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ದೇಶವನ್ನೇ ತಾಯಿಯೆಂದು ಕರೆಯುವ ನಾವು ಈ ಲೋಪವನ್ನು ತಿದ್ದಿಕೊಳ್ಳುವುದಕ್ಕೆ 1992ನೆಯ ಡಿಸೆಂಬರಿನವರೆಗೆ ಕಾದೆವು. ಅಂದಿನಿಂದ ತಂದೆತಾಯಿಗಳಲ್ಲಿ ಯಾರೊಬ್ಬರು ಭಾರತೀಯರಾದರೂ ಸಾಕೆಂದಾಯಿತು. ದೂತಾವಾಸದಲ್ಲಿ ನೋಂದಣಿಯೆಂಬ ನಿಬಂಧನೆ ಮೂಲ ಕಾಯಿದೆಯಲ್ಲಿಯೂ ಉಂಟು. ಆದರೆ ಅದು ಎರಡನೆಯ ತಲೆಮಾರಿಗೆ ಸಂಬಂಧಪಟ್ಟದ್ದು, ಅಂದರೆ ತಂದೆಯೇ ಪರದೇಶದಲ್ಲಿ ಹುಟ್ಟಿ ವಂಶದ ಬಲದಿಂದ ಮಾತ್ರ ಭಾರತೀಯನಾಗಿದ್ದ ಪಕ್ಷದಲ್ಲಿ. 2003ರ ತಿದ್ದುಪಡಿಯು 2004ನೆಯ ಡಿಸೆಂಬರು 3ರಿಂದ ಜಾರಿಗೆ ಬಂದು ಇದನ್ನು ಎಲ್ಲರ ಮೇಲೂ ಹೊರಿಸಿತು. ಆ ದಿನದಿಂದೀಚೆಗೆ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರುಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸತಕ್ಕದ್ದು. ವರುಷ ಕಳೆದ ಮೇಲೆ ಕೇಂದ್ರ ಸರಕಾರದ ಅಪ್ಪಣೆ ಬೇಕು. ಮಗುವಿನ ಹೆಸರಿನಲ್ಲಿ ಬೇರೆ ದೇಶದ ಪಾಸುಪೋರ್ಟು ಇಲ್ಲವೆಂದು ತಂದೆತಾಯಿಗಳು ಘೋಷಣೆ ಬರೆದುಕೊಡಬೇಕು. ಇಷ್ಟಾಗದಿದ್ದರೆ, ತಂದೆತಾಯಿಗಳಿಬ್ಬರೂ ಅಪ್ಪಟ ಭಾರತೀಯರಾದರೂ, ಈ ಕಲಮಿನ ಪ್ರಕಾರ ಮಗು ಭಾರತದ ಪ್ರಜೆಯಲ್ಲ.

ಈ ಕೊನೆಯ ಮಾತನ್ನು ವಾಚಕರು ಇನ್ನೊಮ್ಮೆ ಓದಬೇಕೆಂದು ಬೇಡುತ್ತೇವೆ. ಪ್ರಜೆಯಾಗಿರುವುದರಿಂದ ಹೆಸರನ್ನು ಬರೆದುಕೊಳ್ಳುವುದು ಒಂದು. ಹೆಸರನ್ನು ಬರೆಸಿದ ಮೇಲೆಯೇ ಪ್ರಜೆಯಾಗುವುದು ಇನ್ನೊಂದು. ಮೊದಲನೆಯದರಲ್ಲಿ ಪುಸ್ತಕವು ಸಾಕ್ಷಿ. ಎರಡನೆಯದರಲ್ಲಿ ಪುಸ್ತಕವೇ ಹೆತ್ತ ತಾಯಿ. ಪಾಠಶಾಲೆಯಲ್ಲಿ ನಮಗೆ ಅಮರಕೋಶವನ್ನು ಬಾಯಿಪಾಠ ಮಾಡಿಸಿದ ಪಂಡಿತರು ಜನ್ಮಭೂಮಿ, ಮಾತೃಭೂಮಿ ಎಂಬೆರಡು ಪದಗಳಿಗೆ ಒಂದೇ ಅರ್ಥವನ್ನು ಹೇಳುತ್ತಿದ್ದರು. ಈ ಮಕ್ಕಳ ಜನ್ಮಭೂಮಿ ಅವರನ್ನು ಒಲ್ಲದು. ಮಾತೃಭೂಮಿ ಅವರನ್ನು ಅರ್ಜಿಯಿಲ್ಲದೆ ಅರಿಯದು.

ಈ ನಿಯಮದ ಪೂರ್ಣಾರ್ಥವನ್ನು ನಮಗೆ ಬಿಡಿಸಿ ಹೇಳಿದವರು ಲಂಡನ್ನಿನ ನ್ಯಾಯಾಧೀಶರು! ಬ್ರಿಟನ್ನಿನಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಕೊಡುವ ಪದ್ಧತಿ 1983ನೆಯ ಜನವರಿ 1ರಿಂದ ನಿಂತಿದೆ. ಆದರೆ ಅಲ್ಲಿಯೇ ಹುಟ್ಟಿ, ಯಾವ ದೇಶದ ಪೌರತ್ವವೂ ಇಲ್ಲದೆ, ಐದು ವರುಷ ಅಲ್ಲಿಯೇ ಬೆಳೆದ ಮಗು ಬ್ರಿಟಿಷ್ ಪೌರತ್ವವನ್ನು ಕೇಳಬಹುದೆಂದು ಅವರ ಕಾಯಿದೆಯಲ್ಲಿ ಉಂಟು. ಭಾರತೀಯ ತಂದೆತಾಯಿಗಳಿಗೆ ಅಲ್ಲಿ ಹುಟ್ಟಿದ, ನಮ್ಮ ದೂತಾವಾಸದಲ್ಲಿ ನೋಂದಾಯಿಸದಿದ್ದ ಮಗುವೊಂದರ ಪರವಾಗಿ ಇದೇ ಬೇಡಿಕೆ ಬಂದಿತು. ಬೇಕಾದಾಗ ನೋಂದಾಯಿಸಿಕೊಳ್ಳಬಹುದಾದ ಮಗು ದೇಶವಿಲ್ಲದ್ದು ಹೇಗಾದೀತೆಂದು ಅಲ್ಲಿಯ ಸರಕಾರದವರು ವಾದಿಸಿದರು. ಹೈಕೋರ್ಟು 2017ರಲ್ಲಿ ಭಾರತದ ಕಾಯಿದೆಯನ್ನು ತೆರೆದು ಓದಿ, ಮುಂದೆ ಆಗಬಹುದಾದದ್ದು ಬೇರೆ, ಇಂದು ಇರುವುದು ಬೇರೆ. ನೋಂದಣಿಯಾಗದಿರುವ ತನಕ ಈ ಮಗು ಭಾರತೀಯನಲ್ಲವಾದುದರಿಂದ ಅದಕ್ಕೆ ದೇಶವಿಲ್ಲ ಎಂದು ತೀರ್ಮಾನಿಸಿತು. ಆ ಮಗುವಿಗೆ ಇದರಿಂದ ಅನುಕೂಲವೇ ಆಯಿತು. ಮುಂದೆ 2022ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ಬಾಗಿಲನ್ನೂ ಬಿಗಿಮಾಡಿತು. ಅವರ ಲಾಭನಷ್ಟ ಅವರಿಗಿರಲಿ. ನಮ್ಮ ತಂದೆತಾಯಿಗಳ ಮಗುವಿಗೆ ದೇಶವಿಲ್ಲವೆಂದು ಪರರ ನ್ಯಾಯಪೀಠವು ನಮ್ಮದೇ ಕಾಯಿದೆಯನ್ನು ಆಧಾರವಾಗಿಟ್ಟುಕೊಂಡು ಸಾರುವಂತಾದುದು ಸ್ವತಂತ್ರ ರಾಷ್ಟ್ರಕ್ಕೆ ಭೂಷಣವಲ್ಲ.

ದೂತಾವಾಸದ ನೋಂದಣಿಪುಸ್ತಕವನ್ನು ನಮ್ಮ ಹಿರಿಯರು ಬೇರೊಂದು ಉದ್ದೇಶದಿಂದ ತೆರೆದಿದ್ದರು. ಸಂವಿಧಾನದ ಎಂಟನೆಯ ಅನುಚ್ಛೇದವನ್ನು ನೋಡಿರಿ; 1949ನೆಯ ನವೆಂಬರು 26ರಂದೇ ಜಾರಿಗೆ ಬಂದ ಕೆಲವೇ ಅನುಚ್ಛೇದಗಳಲ್ಲಿ ಅದೂ ಒಂದು. ತಾನಾಗಲಿ, ತಂದೆತಾಯಿಗಳಾಗಲಿ, ಅಜ್ಜ ಅಜ್ಜಿಯರಾಗಲಿ ಅವಿಭಕ್ತ ಭಾರತದಲ್ಲಿ ಹುಟ್ಟಿದ್ದರೆ, ಹೊರದೇಶದಲ್ಲಿ ನೆಲಸಿದವನು ಭಾರತದ ಪ್ರತಿನಿಧಿಯ ಬಳಿಗೆ ಹೋಗಿ ಹೆಸರನ್ನು ಬರೆಸಿ ಪ್ರಜೆಯಾಗಬಹುದೆಂದು ಅದು ಹೇಳುತ್ತದೆ. ದೂರ ಹೋದವರನ್ನು ಒಳಗೆ ಕರೆಯುವುದಕ್ಕಾಗಿ ತೆರೆದ ಪುಸ್ತಕ ಅದು. ಇಂದು ಅದೇ ಬಗೆಯ ಪುಸ್ತಕದಲ್ಲಿ ಹೆಸರಿಲ್ಲವೆಂದು ಕೂಸುಗಳನ್ನು ಹೊರಗೆ ನಿಲ್ಲಿಸುತ್ತಿದ್ದೇವೆ.

ದೇಶವಿಲ್ಲದಿರುವುದೆಂದರೆ ಏನೆಂಬುದನ್ನು ನಮ್ಮ ನಾಡು ಕಾಣದೆ ಇಲ್ಲ. ಸಿಂಹಳದ ಚಹದ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ಭಾರತೀಯ ಮೂಲದವರನ್ನು ಅಲ್ಲಿಯ 1948ರ ಕಾಯಿದೆಯು ಹೊರಗಿಟ್ಟಿತು. 1964ರಲ್ಲಿ ಎರಡು ಸರಕಾರಗಳು ಕುಳಿತು 9,75,000 ಜನರನ್ನು ಹಂಚಿಕೊಂಡವು: 5,25,000 ನಮಗೆ, 3,00,000 ಅವರಿಗೆ, ಮಿಕ್ಕ ಒಂದೂವರೆ ಲಕ್ಷದ ಮಾತು ಮುಂದಕ್ಕೆ. ಆ ಮಿಕ್ಕವರನ್ನು 1974ರಲ್ಲಿ ಸರಿಪಾಲು ಮಾಡಿದರು. ಹಾಗೆ ಬಂದವರಲ್ಲಿ ಕೆಲವರ ಸಂಸಾರಗಳು ನಮ್ಮ ಸುಳ್ಯ, ಪುತ್ತೂರುಗಳ ರಬ್ಬರು ತೋಟಗಳಲ್ಲಿ ಇಂದಿಗೂ ಇವೆ. ಪತ್ರವಿಲ್ಲದ ಮನುಷ್ಯನನ್ನು ಸರಕಾರಗಳು ಹೇಗೆ ಎಣಿಸುತ್ತವೆಯೆಂಬುದನ್ನು ಆ ತೋಟಗಳ ಮುದುಕರು ಬಲ್ಲರು.

ಅಮೆರಿಕದ ಸಂಗತಿ ಬೇರೆ. ಅಲ್ಲಿಯ ಸಂವಿಧಾನಕ್ಕೆ 1868ರಲ್ಲಿ ಆದ ಹದಿನಾಲ್ಕನೆಯ ತಿದ್ದುಪಡಿಯ ಬಲದಿಂದ ಆ ನೆಲದಲ್ಲಿ ಹುಟ್ಟಿದ ಮಗುವನ್ನು ಆ ದೇಶದ ಪ್ರಜೆಯೆಂದು ಎಣಿಸುತ್ತ ಬಂದಿದ್ದಾರೆ. ತನ್ನ ಪ್ರಜೆ ತನ್ನ ಪಾಸುಪೋರ್ಟಿನ ಮೇಲೆಯೇ ಹೊರಡಬೇಕು, ಬರಬೇಕು ಎಂದು ಆ ದೇಶ ಹೇಳುತ್ತದೆ. ಬೇರೆ ಪಾಸುಪೋರ್ಟು ಇಲ್ಲವೆಂದು ಬರೆದುಕೊಡಿರೆಂದು ನಮ್ಮ ದೇಶ ಹೇಳುತ್ತದೆ. ನಡುವೆ ಸಿಕ್ಕಿದ ನಮ್ಮ ಇಂಜಿನಿಯರರು ಮಗುವಿಗೆ ಅಲ್ಲಿಯ ಪಾಸುಪೋರ್ಟನ್ನು ಮಾಡಿಸಿ, 2005ರಲ್ಲಿ ಬಂದ ಸಾಗರೋತ್ತರ ಪೌರತ್ವದ ಕಾರ್ಡನ್ನು ಪಡೆಯುತ್ತಾರೆ. ಅದರಲ್ಲಿ ಪೌರತ್ವವೆಂಬ ಹೆಸರಿದೆಯೇ ಹೊರತು ಮತವಿಲ್ಲ. ಅದನ್ನು ತೋರಿಸಿ ಒಂದು ಎಕರೆ ಹೊಲವನ್ನೂ ಕೊಳ್ಳುವಂತಿಲ್ಲ. ಅವರನ್ನು ನಾವು ಹಳಿಯೆವು. ಕಣ್ಣು ತೆರೆದು ಆರಿಸಿಕೊಂಡವರು. ಆದರೆ ಆ ಬಾಗಿಲೂ ಶಾಶ್ವತವೆಂದು ನಂಬಿ ಕುಳಿತಿರಬಾರದು. ತಾತ್ಕಾಲಿಕ ವೀಸಾದ ಮೇಲೆ ಬಂದವರ ಮಕ್ಕಳಿಗೆ ಹುಟ್ಟಿನ ಪೌರತ್ವವಿಲ್ಲವೆಂದು ಅಲ್ಲಿಯ ಅಧ್ಯಕ್ಷರು 2025ನೆಯ ಜನವರಿ 20ರಂದು ಆಜ್ಞೆ ಹೊರಡಿಸಿದರು. ಅದೇ ವರುಷ ಹಲವು ನ್ಯಾಯಾಲಯಗಳು ಅದಕ್ಕೆ ತಡೆಯಾಜ್ಞೆ ಕೊಟ್ಟವು. ಅಂಥ ಆಜ್ಞೆ ನಿಂತರೆ, ಕಾರಿನಲ್ಲಿ ಓಡಾಡುವ ಇಂಜಿನಿಯರರೂ ನಮ್ಮ ವಾಹನಚಾಲಕರೂ ಅದೇ ಪುಸ್ತಕದ ಮುಂದೆ ಸಾಲಾಗಿ ನಿಲ್ಲಬೇಕಾದೀತು.

ಸರಕಾರದವರ ಪಕ್ಷದಲ್ಲಿ ಹೇಳುವುದು ಇಲ್ಲವೆಂದಲ್ಲ. ಎರಡು ದೇಶಗಳ ಪೌರತ್ವವನ್ನು ನಮ್ಮ ಸಂವಿಧಾನ ಒಪ್ಪುವುದಿಲ್ಲ. ಒಂದೇ ಮಗುವಿಗೆ ಎರಡು ಪಾಸುಪೋರ್ಟು ಆಗದಂತೆ ನೋಡಿಕೊಳ್ಳುವುದು ಅವರ ಧರ್ಮ. ಸುಳ್ಳು ಪತ್ರಗಳನ್ನು ತರುವವರೂ ಉಂಟು. ಜನನವನ್ನು ತಿಳಿಸಿರೆಂದು ಕೇಳುವುದು ನ್ಯಾಯವೇ, ವರುಷದ ಗಡುವೂ ಅನುಚಿತವಲ್ಲ. ನಮ್ಮ ಪ್ರಶ್ನೆ ಒಂದೇ: ಗಡುವು ಮೀರಿದ ತಪ್ಪು ತಂದೆಯದಾದರೆ ದಂಡ ಮಗುವಿಗೇಕೆ? ತಪ್ಪಿದವರಿಗೆ ಜುಲ್ಮಾನೆ ಹಾಕಲಿ. ಹತ್ತು ರೂಪಾಯಿಯ ತಪ್ಪಿಗೆ ಕೂಸಿನ ದೇಶವನ್ನೇ ಕಿತ್ತುಕೊಳ್ಳುವ ಶಿಕ್ಷೆಯನ್ನು ಯಾವ ಸ್ಮೃತಿಕಾರನೂ ವಿಧಿಸಿರಲಾರನು.

ತಂದೆಯ ತಪ್ಪೆಂದೆವು, ಅದೂ ಎಷ್ಟರಮಟ್ಟಿಗೆ ತಪ್ಪು? ಯಜಮಾನನು ಕೂಲಿಯವನ ಪಾಸುಪೋರ್ಟನ್ನು ತನ್ನ ಬಳಿ ಇಟ್ಟುಕೊಳ್ಳುವ ದುರಭ್ಯಾಸ ಕೊಲ್ಲಿಯಲ್ಲಿ ಇನ್ನೂ ಅಳಿದಿಲ್ಲ. ಕೆಲಸದ ದಿನ ರಜೆ ಕೇಳಿದರೆ ಸಂಬಳದಲ್ಲಿ ಕಡಿತ. ಸೌದಿ ಅರೇಬಿಯದಂಥ ವಿಶಾಲ ದೇಶದಲ್ಲಿ ನಮ್ಮ ಕಚೇರಿಗಳು ಎರಡೇ, ರಿಯಾದಿನಲ್ಲೊಂದು, ಜಿದ್ದಾದಲ್ಲೊಂದು. ಅಧಿಕಾರಿಗಳು ಬೇರೆ ಪಟ್ಟಣಗಳಿಗೆ ಹೋಗಿ ಶಿಬಿರ ನಡೆಸುವುದುಂಟು. ಮೆಚ್ಚತಕ್ಕ ಕೆಲಸ, ಅದನ್ನು ಇಮ್ಮಡಿಸಲಿ. ಹಡೆದ ಹೆಂಡತಿಯನ್ನೂ ಹಸುಗೂಸನ್ನೂ ಕರೆದುಕೊಂಡು ನೂರಾರು ಮೈಲು ಹೋಗಿ ಒಂದು ಸಹಿ ಮಾಡಿ ಬರಬೇಕಾದವನ ಪಾಡನ್ನು ದೆಹಲಿಯ ಮೇಜಿನಿಂದ ಅಳೆಯಲಾಗದು.

ಆದುದರಿಂದ ಎರಡು ಕೆಲಸಗಳಾಗಬೇಕೆಂಬುದು ನಮ್ಮ ಅಭಿಪ್ರಾಯ. ತಡವನ್ನು ಮನ್ನಿಸುವ ಅಧಿಕಾರವನ್ನು ಮಗುವಿಗೆ ಐದು ತುಂಬುವವರೆಗೆ ದೂತಾವಾಸದ ಅಧಿಕಾರಿಗೇ ಕೊಡಬೇಕು. ತಂದೆತಾಯಿಗಳ ಮುಖ, ಪತ್ರ ಎರಡನ್ನೂ ಎದುರಿನಲ್ಲಿ ನೋಡುವವನು ಅವನು. ಎರಡನೆಯದು ಸಂಸತ್ತಿನ ಕೆಲಸ. ಬೇರೆ ಯಾವ ದೇಶವೂ ತನ್ನವನೆನ್ನದ ಭಾರತೀಯರ ಮಗು ಹುಟ್ಟಿದ ಕ್ಷಣದಿಂದಲೇ ಭಾರತೀಯನೆಂದು ಕಾಯಿದೆ ಹೇಳಬೇಕು. ನೋಂದಣಿ ಅದಕ್ಕೆ ಸಾಕ್ಷಿಯಾಗಿ ನಿಲ್ಲಲಿ. ಇದು ಹೊಸ ಮಾತೇನಲ್ಲ. ಮಗುವಿಗೆ ಪೌರತ್ವದ ಹಕ್ಕುಂಟು, ದೇಶವಿಲ್ಲದೆ ಹೋಗುವ ಸಂದರ್ಭದಲ್ಲಿ ವಿಶೇಷವಾಗಿ ಉಂಟು ಎಂದು ಸಾರುವ ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 1992ನೆಯ ಡಿಸೆಂಬರಿನಲ್ಲಿಯೇ ಒಪ್ಪಿ ಸೇರಿತು. ತಾಯಿಗೆ ಪೌರತ್ವ ಕೊಡುವ ಹಕ್ಕು ಬಂದ ತಿಂಗಳೂ ಅದೇ.

ಕಾಯಿದೆ ತಿದ್ದುವ ತನಕ ಮಕ್ಕಳು ಹುಟ್ಟುವುದು ನಿಲ್ಲದು. ಹೊರದೇಶದಲ್ಲಿರುವ ನಮ್ಮ ವಾಚಕರಿಗೆ ಒಂದು ಮಾತು. ಅಲ್ಲಿಯ ಜನನಪತ್ರ, ನಿಮ್ಮಿಬ್ಬರ ಪಾಸುಪೋರ್ಟು, ಮದುವೆಯ ದಾಖಲೆ ಇವನ್ನು ಮಗು ಹುಟ್ಟುವ ಮುನ್ನವೇ ಒಂದೆಡೆ ಕೂಡಿಸಿರಿ. ಬಾಣಂತನ ಮುಗಿಯುವುದರೊಳಗೆ ಅರ್ಜಿ ಹೋಗಲಿ. ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ತೊಟ್ಟಿಲಿಗೆ ಹಾಕುವಾಗ ಇಟ್ಟ ಹೆಸರೊಂದು, ಆಸ್ಪತ್ರೆಯಲ್ಲಿ ಬರೆಸಿದ್ದೊಂದು, ಅರಬ್ಬಿಯಿಂದ ತಿರುಗಿಸುವಾಗ ಆದದ್ದು ಮತ್ತೊಂದು, ಹೀಗಾದರೆ ಒಂದೇ ಕೂಸು ಮೂವರಾಗಿ ಕುಳಿತುಕೊಳ್ಳುತ್ತದೆ. ಊರಿಗೆ ಬಂದ ಮೇಲೆ ಬರೆಸಿದರಾಯಿತೆಂದು ಕೆಲವರು ಹೇಳುವುದುಂಟು. ಹೊರದೇಶದಿಂದ ಬಂದು ಇಲ್ಲಿ ನೆಲಸುವವರು ಮಗು ಬಂದ ಅರುವತ್ತು ದಿನಗಳೊಳಗೆ ಜನನವನ್ನು ನೋಂದಾಯಿಸಬಹುದೆಂದು 1969ರ ಜನನಮರಣ ಕಾಯಿದೆಯಲ್ಲಿ ಇರುವುದು ನಿಜ. ಅದು ಹುಟ್ಟಿಗೆ ದಾಖಲೆ, ಪೌರತ್ವಕ್ಕಲ್ಲ. ಕುವೈತಿನ ಕನ್ನಡ ಕೂಟ, ಬಹರೈನಿನ ಕನ್ನಡ ಸಂಘ ಮೊದಲಾದ ಸಂಸ್ಥೆಗಳು ರಾಜ್ಯೋತ್ಸವವನ್ನು ನಡೆಸುವಾಗ ಸಭಾಂಗಣದ ಮೂಲೆಯಲ್ಲಿ ಒಂದು ಮೇಜು ಹಾಕಿ, ಬರವಣಿಗೆ ಬಲ್ಲ ಇಬ್ಬರನ್ನು ಕೂರಿಸಿ ಈ ಅರ್ಜಿಗಳನ್ನು ತುಂಬಿಸಿಕೊಟ್ಟರೆ, ಕನ್ನಡದ ಸೇವೆಯಲ್ಲಿ ಅದೂ ಸೇರುತ್ತದೆ.

ಕರಾವಳಿಯ ಲೋಕಸಭಾ ಸದಸ್ಯರನ್ನು ಒಂದು ವಿಷಯ ಕೇಳುತ್ತೇವೆ. ವರುಷ ಮೀರಿದ ಜನನಗಳ ಅಪ್ಪಣೆಗಾಗಿ ಬಂದ ಅರ್ಜಿಗಳು ದೆಹಲಿಯಲ್ಲಿ ಇಂದು ಎಷ್ಟು ಉಳಿದಿವೆ, ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಎಷ್ಟು ದಿನದ್ದು, ಕೊಲ್ಲಿಯಿಂದ ಬಂದವು ಎಷ್ಟು ಎಂದು ಮುಂದಿನ ಅಧಿವೇಶನದಲ್ಲಿ ಅವರು ಪ್ರಶ್ನೆ ಹಾಕಲಿ. ಬಂದ ಉತ್ತರವನ್ನು ಇದೇ ಅಂಕಣದಲ್ಲಿ ಅಚ್ಚುಹಾಕುವೆವು.