ಬಣ್ಣ ಬಳಿದಿದ್ದು ಯಾರು?

ಓದಿದ್ದು–6. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಆಮೇಲೆ ಬೈರಿ.

ಯೆರ್ಝಿ ಕೊಸಿನ್ಸ್ಕಿಯ ‘ದಿ ಪೇಂಟೆಡ್ ಬರ್ಡ್’ (1965) ಕಾದಂಬರಿನ ನಮ್ಮ ಕ್ಲಾಸಿನ ಮೂರು ಜನಕ್ಕೆ ಓದೋಕೆ ಕೊಟ್ಟಿದ್ದೆ, “ಲೇಖಕನ ಸ್ವಂತ ಕತೆ ಕಣ್ರೇ, ಎಲ್ಲಾ ನಿಜ” ಅಂತ. ಆ ಮಾತನ್ನ ಇವತ್ತು ವಾಪಸ್ ತಗೋತಿದೀನಿ.

ಕತೆ ಎರಡನೇ ಮಹಾಯುದ್ಧದ್ದು. ಆರು ವರ್ಷದ ಹುಡುಗನನ್ನ ಅಪ್ಪ ಅಮ್ಮ ಜೀವ ಉಳೀಲಿ ಅಂತ ದೂರದ ಹಳ್ಳಿಗೆ ಕಳಿಸ್ತಾರೆ. ಕೂದಲು ಕಪ್ಪು, ಕಣ್ಣು ಕಪ್ಪು, ಅಷ್ಟೇ ಅವನ ತಪ್ಪು. ಜಿಪ್ಸಿ ಅಂತಾರೆ, ಯಹೂದಿ ಅಂತಾರೆ, ಹೊಡೀತಾರೆ, ಅವನ ದೃಷ್ಟಿ ತಾಗುತ್ತೆ ಅಂತ ಹೆದರ್ತಾರೆ. ಒಮ್ಮೆ ಗೊಬ್ಬರದ ಗುಂಡಿಗೆ ಎಸೆದುಬಿಡ್ತಾರೆ. ಎದ್ದು ಬಂದಾಗ ಅವನಿಗೆ ಮಾತೇ ಹೋಗಿರುತ್ತೆ. ಹಕ್ಕಿ ಹಿಡಿಯೋ ಲೆಖ್ ಒಂದು ಹಕ್ಕಿಗೆ ಬಣ್ಣ ಬಳಿದು ಹಾರಿಬಿಡ್ತಾನೆ. ಅದು ತನ್ನವರ ಹತ್ರ ಹೋದರೆ, ತನ್ನವರೇ ಗುರುತು ಸಿಗದೆ ಕುಕ್ಕಿ ಸಾಯಿಸ್ತಾರೆ. ಆ ಪುಟಕ್ಕೆ ಪುಸ್ತಕ ಮುಚ್ಚಿಟ್ಟು ಟೆರೇಸಿಗೆ ಹೋಗಿದ್ದೆ ನಾನು.

ಆದ್ರೆ ಕೊಸಿನ್ಸ್ಕಿ ಹಾಗೆ ಒಂಟಿಯಾಗಿ ಅಲೆದಿರಲಿಲ್ಲ. ಅವನ ಯಹೂದಿ ಕುಟುಂಬ ಹೆಸರು ಬದಲಿಸಿ, ಕ್ಯಾಥೊಲಿಕ್ ಅಂತ ಹೇಳಿಕೊಂಡು ಪೋಲೆಂಡಿನ ಹಳ್ಳಿಯಲ್ಲಿ ಒಟ್ಟಿಗೇ ಅಡಗಿತ್ತು. ಊರವರು ಹಿಡಿದುಕೊಡಲಿಲ್ಲ. ಯಹೂದಿಗೆ ಆಶ್ರಯ ಕೊಟ್ಟರೆ ಅಲ್ಲಿ ಮರಣದಂಡನೆ ಇದ್ದ ಕಾಲ ಅದು! ಪುಸ್ತಕ ಅವನದೇ ಬದುಕು ಅಂತ ಜನ ನಂಬಿದಾಗ, ಅವನು ನಂಬೋಕೆ ಬಿಟ್ಟ. 1990ರ ದಶಕದಲ್ಲಿ ಪತ್ರಕರ್ತೆ ಯೊವಾನ್ನಾ ಶೆಡ್ಲೆಟ್ಸ್ಕಾ ಆ ಹಳ್ಳಿಗೇ ಹೋಗಿ ವಿಚಾರಿಸಿ ಬರೆದರು. ಅಷ್ಟೊತ್ತಿಗೆ ಕೊಸಿನ್ಸ್ಕಿ ತೀರಿಕೊಂಡಿದ್ದ.

“ಕಾದಂಬರಿ ಅಂದ್ಮೇಲೆ ಕಲ್ಪನೆ ಇರುತ್ತಪ್ಪ” ಅಂತೀರ. ಒಪ್ಪಿದೆ. ಅಂಥ ಕ್ರೌರ್ಯವೂ ಸುಳ್ಳಲ್ಲ: 1941ರಲ್ಲಿ ಯೆದ್ವಾಬ್ನೆ ಅನ್ನೋ ಪೋಲಿಷ್ ಊರಲ್ಲಿ ಕಡಿಮೆ ಅಂದ್ರೂ 340 ಯಹೂದಿಗಳನ್ನ ನೆರೆಹೊರೆಯವರೇ ಕೊಂದರು, ಹೆಚ್ಚಿನವರನ್ನ ಕೊಟ್ಟಿಗೆಗೆ ಕೂಡಿ ಸುಟ್ಟರು. ಆದ್ರೆ ಅದು ಆ ಊರಿನ ಲೆಕ್ಕ. ಅದನ್ನ ತನ್ನನ್ನ ಉಳಿಸಿದವರ ಖಾತೆಗೆ ಪೋಸ್ಟ್ ಮಾಡಿದರೆ? ಕಾದಂಬರಿಯಲ್ಲಿ ದೇಶದ ಹೆಸರಿಲ್ಲ, ನಿಜ. ‘ಇದು ನನ್ನದೇ ಕತೆ’ ಅಂದಾಗ ಹೆಸರು ತಾನಾಗೇ ಬಂತು. ಲೆಖ್ ಹಕ್ಕಿಗೆ ಮಾಡಿದ್ದನ್ನೇ ಇವನು ಆ ಊರಿಗೆ ಮಾಡಿದ ಅಂತ ನನಗನ್ಸುತ್ತೆ. ಮೂರು ಜನಕ್ಕೆ ಹೇಳಿ ನಾನೂ ಒಂದು ಕೋಟ್ ಬಳಿದೆ.

ಹಾಗಂತ ಓದಬೇಡಿ ಅನ್ನಲ್ಲ. ಓದಿ. (ಹಿಂಸೆ ತುಂಬಾ ಇದೆ, ಎಕ್ಸಾಮ್ ಟೈಮಲ್ಲಿ ಬೇಡ.) ಕಾಪಿ ಈಗ ಯಾರ ಹತ್ರ ಇದ್ಯೋ ಅವರು, ಮೊದಲ ಪುಟದಲ್ಲಿ ನಾನು ಪೆನ್ನಲ್ಲಿ ಬರೆದಿರೋ ‘ನಿಜ ಕತೆ’ ಅನ್ನೋದನ್ನ ಹೊಡೆದುಹಾಕಿ ಪ್ಲೀಸ್.